ಅವರ ನೀಲಗಿರಿ, ನಮ್ಮ ಜಾಲಿ

ಬ್ರಿಸ್ಬೇನ್

ಎಪ್ಪತ್ತೆರಡು ವರ್ಷದ ಬದುಕಿನಲ್ಲಿ ನನ್ನ ಚಪ್ಪಲಿಯನ್ನು ಇನ್ನೊಬ್ಬರು ತೊಳೆದು ಕೊಟ್ಟದ್ದು ಒಂದೇ ಸಲ. ಆಸ್ಟ್ರೇಲಿಯಾದ ಬಾಗಿಲಲ್ಲಿ.

ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ತಿನ್ನುವ ಸಾಮಾನು ತಂದವರನ್ನು ಒಂದು ಉದ್ದನೆಯ ಮೇಜಿನ ಮುಂದೆ ನಿಲ್ಲಿಸುತ್ತಾರೆ. ಹೊರಗಿನ ಬೀಜ, ಮಣ್ಣು, ಹುಳು ಒಳಗೆ ಬರಬಾರದೆಂದು ಅಲ್ಲಿ ಕಾವಲು. ನಮ್ಮ ಪಾಳಿ ಬಂದಾಗ ಮೇಜಿನ ಆಚೆ ನಿಂತವಳು ಗುಜರಾತಿನ ಕಡೆಯ ಹುಡುಗಿ. ನನ್ನ ಇಂಗ್ಲಿಷ್ ಹತ್ತನೇ ಇಯತ್ತೆಯ ಇಂಗ್ಲಿಷ್ ಎಂದು ತಿಳಿದು ಹಿಂದಿಯಲ್ಲೇ ಮಾತಾಡಿದಳು. ಚಪ್ಪಲಿ ಬಿಚ್ಚಿಸಿದಳು. ತಿರುವಿ ಹಾಕಿ, ಅಟ್ಟೆಯ ಸಂದಿಯಲ್ಲಿ ಒಣಗಿ ಕೂತಿದ್ದ ರಾಣೆಬೆನ್ನೂರಿನ ಕೆಂಪು ಮಣ್ಣನ್ನು ಚಿಮಟಿಗೆಯಿಂದ ಕೆದರಿದಳು. ಮಣ್ಣಿನ ಜೊತೆ ಒಂದು ಹುಲ್ಲಿನ ಬೀಜ ಬಂತು. ಅದನ್ನು ದೀಪದ ಕೆಳಗೆ ಹಿಡಿದು, ಇದು ಯಾವ ಹುಲ್ಲು ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಅರಣ್ಯ ಇಲಾಖೆಯ ಗಿಡ ಹಚ್ಚುವ ಕೆಲಸದಲ್ಲಿ ಮೇಸ್ತ್ರಿಯಾಗಿದ್ದವನಿಗೆ ತನ್ನ ಊರಿನ ಹುಲ್ಲಿನ ಹೆಸರು ಗೊತ್ತಿರಲಿಲ್ಲ.

ನಾವು ಹೋದದ್ದು ಮಗಳು ಸುಮಿತ್ರಾಳ ಬಾಣಂತನಕ್ಕೆ. ಆಕೆ ಅಲ್ಲಿಯ ಒಳನಾಡಿನ ಸಣ್ಣ ಊರೊಂದರಲ್ಲಿ ನರ್ಸ್. ತವರಿಗೆ ಬರಲು ಆಗದು ಎಂದಾಗ ತವರನ್ನೇ ಎರಡು ಸೂಟ್‌ಕೇಸಿನಲ್ಲಿ ತುಂಬಿಕೊಂಡು ನನ್ನ ಹೆಂಡತಿ ಶಾಂತವ್ವ ಹೊರಟಳು. ಕದರಮಂಡಲಗಿಯ ಅವಳ ತಮ್ಮನ ಹೊಲದ ಬ್ಯಾಡಗಿ ಮೆಣಸಿನಕಾಯಿ, ಪಾಯಸಕ್ಕೆ ಅಳ್ವಿ ಕಾಳು, ಎರಡು ಡಬ್ಬಿ ಅಂಟಿನುಂಡಿ. ಮೆಣಸಿನಕಾಯಿ ಅಲ್ಲಾಡಿಸಿದರೆ ಒಳಗೆ ಬೀಜ ಸಪ್ಪಳ ಮಾಡುತ್ತದೆ, ಅದು ಹೋಯಿತು. ಅಳ್ವಿ ಬೀಜವೇ, ಅದೂ ಹೋಯಿತು. ಉಂಡಿಯಲ್ಲಿ ಏನಿದೆ ಎಂದು ಕೇಳಿ, ಒಂದೊಂದನ್ನೂ ಎರಡು ಹೋಳು ಮಾಡಿ ನೋಡಿದಳು. ಶಾಂತವ್ವ ನನ್ನ ಕಡೆ ತಿರುಗಿ, “ಕಟ್ಟಿದ ಉಂಡಿ ಒಡದು ನೋಡೂ ದೇಶಾ ಇದೊಂದ ಇರಬೇಕ್ರಿ. ಮುಂದ ಹೊಟ್ಟಿ ಕೊಯ್ದು ನೋಡ್ತಾಳೇನ ಕೇಳ್ರಿ” ಅಂದಳು.

ಅಂಟು ಯಾವ ಮರದ್ದು ಎಂದು ಹುಡುಗಿ ಕೇಳಿದಳು. ಬಬೂಲ್, ಅಂದರೆ ನಮ್ಮ ಕರಿಜಾಲಿ, ಎಂದೆ. ಅವಳು ತಲೆ ಎತ್ತಿ ನೋಡಿ ನಕ್ಕಳು. ಒಳನಾಡಿಗೆ ಹೋಗುತ್ತಿದ್ದೀರಿ ಚಾಚಾ, ಅಲ್ಲಿ ಯಾರ ಮುಂದೆಯೂ ಆ ಮರದ ಹೆಸರು ಹೇಳಬೇಡಿ ಎಂದಳು. ಯಾಕೆಂದು ಆಗ ತಿಳಿಯಲಿಲ್ಲ. ಒಡೆದ ಉಂಡಿಗಳನ್ನು ಡಬ್ಬಿಗೆ ಹಾಕಿ, ಚಪ್ಪಲಿಯನ್ನು ಬ್ರಷ್ಷಿನಿಂದ ತೊಳೆದು ಒರೆಸಿ ನನ್ನ ಕಾಲ ಮುಂದೆ ಇಟ್ಟಳು.

ಆ ತೊಳೆದ ಚಪ್ಪಲಿಯಲ್ಲಿ ಕಾಲಿಟ್ಟಾಗ ನನಗೆ ಬಂದದ್ದು ಸಿಟ್ಟು. ಒಂದು ಹುಲ್ಲಿನ ಬೀಜಕ್ಕೆ ಇಷ್ಟು ಕಾವಲು ಇಟ್ಟುಕೊಂಡ ಈ ನೆಲದಲ್ಲೇ ನೀಲಗಿರಿ ಹುಟ್ಟಿದ್ದು. ಅದರ ಬೀಜ ಯಾವ ಯಾವ ಊರು ದಾಟಿ ನಮ್ಮ ನರ್ಸರಿಗೆ ಬಂತೋ ನಾನರಿಯೆ. ಚೀಲದಲ್ಲಿ ಬಂತು. ರಾಗಿಗಿಂತ ಸಣ್ಣ ಬೀಜ, ಒಂದು ಹಿಡಿ ಇದ್ದರೆ ಒಂದು ಗುಡ್ಡಕ್ಕೆ ಸಾಕು. ಆ ಚೀಲವನ್ನು ಯಾವ ಮೇಜಿನ ಮೇಲೆ ಯಾರು ಬಿಚ್ಚಿ ನೋಡಿದರು? ಯಾರೂ ನೋಡಲಿಲ್ಲ. ಅದರ ಬಾಯಿ ಬಿಚ್ಚಿದವನು ನಾನು.

ಚಪ್ಪಲಿಯ ಮಣ್ಣು ಬೀರಪ್ಪನ ದಿನ್ನೆಯದು. ಗುತ್ತಲಕ್ಕೆ ಹೋಗುವ ದಾರಿಯಲ್ಲಿ, ನೀಲಗಿರಿ ತೋಪುಗಳ ನಡುವೆ ಉಳಿದಿರುವ ಒಂದೇ ಒಂದು ಬಯಲು ಹುಲ್ಲುಗಾವಲು. ಹೊರಡುವ ಹಿಂದಿನ ದಿನ ಅಂಗಡಿ ಮಾಸ್ತರರು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ನಿವೃತ್ತರಾದ ಮೇಲೆ ಊರಿನ ಗೆಳೆಯರನ್ನು ಕಟ್ಟಿಕೊಂಡು ಗಿಡ ಹಚ್ಚಿಸುವವರು ಅವರು. ದಿನ್ನೆಯ ತುಂಬ ಅಕೇಶಿಯಾ ಹಚ್ಚಬೇಕು, ಮುಂಗಾರಿನ ಮೊದಲ ಮಳೆಗೆ ಕಾರ್ಯಕ್ರಮ, ನಾನು ಮುಖ್ಯ ಅತಿಥಿ. ಗುಂಡಿಯ ಸಾಲು ಹಿಡಿಯಲು ನಾವು ಮೇಸ್ತ್ರಿಗಳು ಒಂದು ಹಗ್ಗ ಇಟ್ಟುಕೊಂಡಿರುತ್ತಿದ್ದೆವು, ಮೂರು ಹೆಜ್ಜೆಗೊಂದು ಗಂಟು ಹಾಕಿದ್ದು. ಹಗ್ಗ ಎಳೆದು ಗಂಟು ಬಿದ್ದಲ್ಲಿ ಗುಂಡಿ. ನನ್ನ ಆ ಹಗ್ಗ ಇನ್ನೂ ಮನೆಯ ಗೂಟಕ್ಕಿದೆ. “ಆ ಹಗ್ಗಾ ತಂದು ಮೊದಲನೇ ಸಾಲ ನೀವ ಎಳೀಬೇಕ್ರಿ ಮೇಸ್ತ್ರಿ. ನಿಮ್ಮದು ಹಸರ ಕೈ” ಎಂದರು ಮಾಸ್ತರರು. ಶಾಲು ಹೊದಿಸುವವರಿದ್ದರು. ಆಸೆಯಾಯಿತು. ಆಗಲಿ ಎಂದು ಮಾತು ಕೊಟ್ಟು ವಿಮಾನ ಹತ್ತಿದ್ದೆ.

ಟೌನ್ಸ್‌ವಿಲ್‌ನಿಂದ ಒಳಗೆ

ಇನ್ನೊಂದು ಸಣ್ಣ ವಿಮಾನದಲ್ಲಿ ಟೌನ್ಸ್‌ವಿಲ್. ಅಲ್ಲಿ ಅಳಿಯಂದಿರು ಕಾರು ತಂದಿದ್ದರು. ರಸ್ತೆ ಕೆಲಸದ ಯಂತ್ರಗಳನ್ನು ರಿಪೇರಿ ಮಾಡುವವರು, ಮಾತು ಕಡಿಮೆ. ನಿಲ್ದಾಣದ ಹೊರಗೆ ನಮ್ಮನ್ನು ಮೊದಲು ಮಾತಾಡಿಸಿದ್ದು ಗೊರವಂಕ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ ಆರಿಸಿ ತಿನ್ನುವ ಅದೇ ಹಕ್ಕಿ, ಅದೇ ಸೊಕ್ಕಿನ ನಡಿಗೆ. ಶಾಂತವ್ವನಿಗೆ ಹಿಗ್ಗು. ಇಲ್ಲಿಯವರಿಗೆ ಇದು ಪೀಡೆ, ಬೇರೆ ಹಕ್ಕಿಗಳ ಪೊಟರೆ ಕಸಿದುಕೊಳ್ಳುತ್ತದೆ ಎಂದರು ಅಳಿಯಂದಿರು. ಶಾಂತವ್ವನಿಗೆ ಅದು ಸರಿ ಬರಲಿಲ್ಲ. ನಮ್ಮವರು ಎಲ್ಲಿ ಹೋದರೂ ಹೀಗೇ ಅನ್ನುತ್ತಾರೆ ಎಂದಳು.

ಊರು ದಾಟಿದ ಮೇಲೆ ಗಂಟೆಗಟ್ಟಲೆ ಕಾಡು. ಎಲ್ಲ ನೀಲಗಿರಿಯ ಬಳಗ. ಆದರೆ ನನಗೆ ಗುರುತು ಹತ್ತಲಿಲ್ಲ. ನಡುದಾರಿಯಲ್ಲಿ ಕಾರು ನಿಲ್ಲಿಸಿ ಮೂತ್ರಕ್ಕೆಂದು ಒಂದು ಮರದ ಹಿಂದೆ ಹೋದೆ. ಕೂರುವಷ್ಟರಲ್ಲಿ ತಲೆಯ ಮೇಲೆ ಯಾರೋ ಬೈದಂತೆ ಕಿರುಚಿದರು. ನೋಡಿದರೆ ಮರದ ಪೊಟರೆಯಿಂದ ಗುಲಾಬಿ ಎದೆಯ ಗಿಳಿಯಂಥ ಹಕ್ಕಿ ತಲೆ ಹೊರಗೆ ಹಾಕಿತ್ತು. ಗಾಬರಿಯಲ್ಲಿ ಧೋತರ ಒದ್ದೆ ಮಾಡಿಕೊಂಡೆ. ಆ ಕತೆ ಈಗ ನಮ್ಮ ನೆಂಟರಲ್ಲಿ ಎಲ್ಲರಿಗೂ ಗೊತ್ತಿದೆ.

ಗೊತ್ತಿಲ್ಲದ್ದು ಇದು: ನಾನು ಆ ಮರದ ಬುಡದಲ್ಲಿ ತುಂಬ ಹೊತ್ತು ನಿಂತೆ. ನನ್ನ ಜೀವಮಾನದಲ್ಲಿ ಮುದಿ ನೀಲಗಿರಿಯನ್ನು ನಾನು ನೋಡಿರಲಿಲ್ಲ. ನಾನು ಹಚ್ಚಿದ್ದು ಒಂದೂ ಮುಪ್ಪು ಕಂಡಿಲ್ಲ. ಕಡಿಯುವುದು, ಚಿಗುರುವುದು, ಮತ್ತೆ ಕಡಿಯುವುದು. ಇಲ್ಲಿ ಮರ ಸೊಟ್ಟ ಬೆಳೆದಿತ್ತು, ಟೊಂಗೆ ಮುರಿದು ಬಿದ್ದಲ್ಲಿ ಪೊಟರೆ, ಪೊಟರೆಯಲ್ಲಿ ಹಕ್ಕಿ. ಉದುರಿದ ಎಲೆಯನ್ನು ಗೆದ್ದಲು ತಿಂದಿತ್ತು. ಕೆಳಗೆ ನಾಲ್ಕಾರು ಬಗೆಯ ಹುಲ್ಲು, ಹಲ್ಲಿ, ಇರುವೆ. ನಮ್ಮ ತೋಪಿನಲ್ಲಿ ಅದೇ ಎಲೆ ಕಾಗದದಂತೆ ಬಿದ್ದಿರುತ್ತದೆ, ಗೆದ್ದಲೂ ಮೂಸುವುದಿಲ್ಲ, ಕೆಳಗೆ ಗರಿಕೆಯೂ ಏಳುವುದಿಲ್ಲ. ತನ್ನ ಊರಿನಲ್ಲಿ ಅದು ಹತ್ತು ಮಂದಿಗೆ ಜಾಗ ಕೊಟ್ಟ ಸಂಸಾರಸ್ಥ. ನಾವು ಅದನ್ನು ಒಬ್ಬಂಟಿಯಾಗಿ ತಂದು ಪೊಲೀಸರಂತೆ ಸಾಲು ನಿಲ್ಲಿಸಿದೆವು. ಮರದ ಮೇಲೆ ನನಗೆ ಸಿಟ್ಟಿಲ್ಲ. ಸಾಲು ನಿಲ್ಲಿಸಿದವರ ಮೇಲಿದೆ, ಅಂದರೆ ನನ್ನ ಮೇಲೆ.

ಹ್ಯೂಗೆಂಡನ್

ಮಗಳ ಊರು ಹ್ಯೂಗೆಂಡನ್. ಗುತ್ತಲಕ್ಕಿಂತ ಸಣ್ಣದು. ದಾರಿಯಲ್ಲಿ ಎದುರು ಬಂದ ಗಾಡಿಯವನು ಗುರುತಿಲ್ಲದಿದ್ದರೂ ಸ್ಟೇರಿಂಗಿನಿಂದ ಒಂದು ಬೆರಳೆತ್ತಿ ನಮಸ್ಕಾರ ಮಾಡುತ್ತಾನೆ. ನಾನು ಎರಡೂ ಕೈ ಜೋಡಿಸಿ ತಿರುಗಿ ಮಾಡುತ್ತಿದ್ದೆ. ಒಬ್ಬ ಗಾಡಿ ನಿಲ್ಲಿಸಿ, ಏನಾದರೂ ತೊಂದರೆಯೇ ಎಂದು ಕೇಳಿದ.

ಮೊಮ್ಮಗಳಿಗೆ ಎಣ್ಣೆ ನೀರು ಎರೆದು, ಕೆಂಡದ ಮೇಲೆ ಲೋಬಾನ ಹಾಕಿ ಹೊಗೆ ಕೊಡುವುದು ಶಾಂತವ್ವನ ದಿನಚರಿ. ಮೊದಲ ದಿನ ಚಾವಣಿಯಲ್ಲಿದ್ದ ಹೊಗೆಯ ಗಂಟೆ ಬಡಿದುಕೊಂಡು, ಪಕ್ಕದ ಮನೆಯ ಮುದುಕಿ ನೀರಿನ ಪೈಪು ಹಿಡಿದು ಅಡುಗೆಮನೆಗೆ ಬಂದಳು. ಮರುದಿನದಿಂದ ಲೋಬಾನ ಹಿತ್ತಲಿಗೆ ಹೋಯಿತು. ಕೆಂಡಕ್ಕೆ ಕಟ್ಟಿಗೆ ಬೇಕಲ್ಲ, ಅಳಿಯಂದಿರು ಎಲ್ಲಿಂದಲೋ ಒಂದು ಹೊರೆ ತಂದು ಹಾಕಿದರು. ಶಾಂತವ್ವ ಒಂದು ತುಂಡು ಎತ್ತಿಕೊಂಡವಳು ಮೂಸಿ ನೋಡಿ, ಮುಳ್ಳನ್ನು ಬೆರಳಲ್ಲಿ ಮುಟ್ಟಿ, ನನ್ನನ್ನು ಕರೆದಳು.

“ಇಲ್ಲಿ ಬರ್ರಿ. ಇದು ನಮ್ಮ ಜಾಲಿ ಅಲ್ಲೇನು?”

ಹೌದು, ಕರಿಜಾಲಿ. ಬ್ಯಾಡಗಿ ಕಡೆಯ ಹೊಲದ ಬದುವಿನಲ್ಲಿ ಇರುತ್ತದಲ್ಲ, ನೇಗಿಲಿಗೆ, ಕುಂಟೆಗೆ, ಗಾಡಿ ಗಾಲಿಯ ನಡುವಿನ ಗುಂಬಕ್ಕೆ ಆಗಿಬರುವ ಮರ, ಅದೇ. ಸಾವಿರಾರು ಮೈಲಿ ಬಂದು ಮಾವನ ಮನೆಯವರು ಸಿಕ್ಕಂತಾಯಿತು. ಇದೆಲ್ಲಿ ಸಿಕ್ಕಿತು ಎಂದೆ. ಕೆನ್ ಎಂಬ ಮುದುಕರ ಜಮೀನಿನಲ್ಲಿ, ಅಲ್ಲಿ ಬೇಕಾದಷ್ಟಿದೆ ಎಂದರು ಅಳಿಯಂದಿರು. ಕೆನ್ ಅವರ ಹೆಂಡತಿಯ ಕೊನೆಯ ದಿನಗಳಲ್ಲಿ ಸುಮಿತ್ರಾ ಆರೈಕೆ ಮಾಡಿದ್ದಳು. ಆ ಋಣಕ್ಕೆ ಆಗಾಗ ಮನೆಗೆ ಬರುವವರು. ನಾನು ಗಿಡದ ಕೆಲಸದವನೆಂದು ಕೇಳಿ, ಒಂದು ದಿನ ಕರೆದುಕೊಂಡು ಬಾ, ಒಂದು ಮಾತು ಕೇಳುವುದಿದೆ ಎಂದು ಆಗಲೇ ಹೇಳಿ ಕಳಿಸಿದ್ದರಂತೆ.

ಕೆನ್ ಅವರ ನೆಲ

ಮೂರನೇ ತಿಂಗಳು ಹಿಡಿದಾಗ ಹೋದೆವು, ಸುಮಿತ್ರಾ ಮತ್ತು ನಾನು. ಬಾಣಂತಿ ಬಿಸಿಲಿಗೆ ಹೊರಡುವುದಕ್ಕೆ ಶಾಂತವ್ವ ಒಪ್ಪಲಿಲ್ಲ. ಕಡೆಗೆ ಕಿವಿ ಮುಚ್ಚಿ ತಲೆಗೆ ಬಟ್ಟೆ ಬಿಗಿದು, ಅದರ ಮೇಲೆ ಹ್ಯಾಟು ಹಾಕಿಸಿ ಕಳಿಸಿದಳು. ಕೆನ್ ಅದನ್ನು ನೋಡಿಯೂ ನೋಡದವರಂತೆ ಇದ್ದರು. ನನಗಿಂತ ಹಿರಿಯರು, ಕೈ ಮರದ ತೊಗಟೆಯಂತೆ. ತಮ್ಮ ಗಾಡಿಯಲ್ಲಿ ನಮ್ಮನ್ನು ಕೂರಿಸಿಕೊಂಡು ಹೊಲಕ್ಕೆ ಹೋದರು.

ಹೊಲ ಅಂದರೆ ಆಕಾಶ ಮುಗಿಯುವ ತನಕ. ಕರಿನೆಲ, ಬಿರುಕು ಬಿಟ್ಟದ್ದು, ಗುತ್ತಲದ ಎರೆಹೊಲ ನೋಡಿದ ಹಾಗೆ. ಅದರ ಮೇಲೆ, ಕಣ್ಣು ಹೋದಷ್ಟು ದೂರ, ಜಾಲಿ. ಮೊದಲು ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಇಳಿದು ಒಂದು ಗಿಡದ ಹಳದಿ ಹೂವು ಮುಟ್ಟಿದೆ. ಆಮೇಲೆ ಕೆಳಗೆ ನೋಡಿದೆ. ನೆಲ ಬೋಳು. ಒಂದು ಎಸಳು ಹುಲ್ಲಿಲ್ಲ. ಈ ಬೋಳು ನೆಲ ನನಗೆ ಪರಿಚಯದ್ದು. ಇಪ್ಪತ್ತೆಂಟು ವರ್ಷ ನಾನು ಮಾಡಿಸಿದ್ದೇ ಇದನ್ನು, ಬೇರೆ ಮರದಿಂದ.

ಇಲ್ಲಿ ಮೊದಲು ಎತ್ತರದ ಹುಲ್ಲಿತ್ತು, ಗಿಡವೇ ಇರಲಿಲ್ಲ ಎಂದರು ಕೆನ್. ಅವರ ಮಾತನ್ನು ಸುಮಿತ್ರಾ ನಮ್ಮ ಮಾತಿಗೆ ತಿರುವಿ ಹೇಳುತ್ತಿದ್ದಳು. ಅವರ ಅಪ್ಪ, ಕುರಿಗೆ ನೆರಳಾಗಲಿ, ಕಾಯಿ ಮೇವಾಗಲಿ ಎಂದು ನೀರಿನ ಕಾಲುವೆಯ ಪಕ್ಕ ಒಂದು ಸಾಲು ಜಾಲಿ ಹಚ್ಚಿದನಂತೆ. ತಿಳಿದವರೇ ಹಚ್ಚಿರೆಂದು ಹೇಳಿದ್ದರಂತೆ. ಆಮೇಲೆ ಕುರಿ ಹೋಗಿ ದನ ಬಂದವು. ದನ ಕಾಯಿ ತಿಂದು ಊರೆಲ್ಲ ಸೆಗಣಿ ಹಾಕಿದವು. ಮಳೆ ಜೋರಾದ ವರ್ಷ ನೆಲದ ತುಂಬ ಸಸಿ. ಕೆನ್ ಹದಿನೆಂಟರ ಪ್ರಾಯದಿಂದ ಅದನ್ನು ಕೊಲ್ಲುತ್ತಿದ್ದಾರೆ. ಬುಲ್ಡೋಜರಿನಿಂದ ಕಿತ್ತರು, ಬುಡಕ್ಕೆ ಔಷಧ ಬಳಿದರು, ಸುಟ್ಟರು. ಬೀಜ ನೆಲದಲ್ಲಿ ವರ್ಷಗಟ್ಟಲೆ ಮಲಗಿದ್ದು ಮತ್ತೆ ಏಳುತ್ತದೆ. ನನಗೆ ಕೇಳಬೇಕಾಗಿದ್ದ ಮಾತು ಅದೇ: ನಿಮ್ಮ ಊರಿನಲ್ಲಿ ಇದನ್ನು ಹೇಗೆ ಹದ್ದುಬಸ್ತಿನಲ್ಲಿ ಇಡುತ್ತೀರಿ?

ನಾವು ಇಡುವುದಿಲ್ಲ ಎಂದೆ. ಅಲ್ಲಿ ಅದಕ್ಕೆ ಆಡು ಇದೆ, ಕಾಯಿಯೊಳಗೆ ಕೂತು ಬೀಜ ಕೊರೆಯುವ ಹುಳು ಇದೆ, ಕುಡುಗೋಲು ಹಿಡಿದ ಹೆಂಗಸರಿದ್ದಾರೆ, ಬಡಿಗೇರ ಇದ್ದಾನೆ. ನೆಂಟರೂ ವೈರಿಗಳೂ ಸೇರಿ ಅದನ್ನು ಬದುವಿನಲ್ಲಿ ನಿಲ್ಲಿಸಿದ್ದಾರೆ. ನೀವು ಮರ ಒಂದನ್ನೇ ತಂದಿರಿ.

ಕೆನ್ ಏನೋ ಹೇಳಿದರು. ಸುಮಿತ್ರಾ ಮೆಲ್ಲಗೆ ಹೇಳಿದಳು: “ನಮ್ಮಪ್ಪ ಸಾಯೂ ತನಕಾ ತಾ ಒಳ್ಳೇದು ಮಾಡೇನಿ ಅಂತನ ತಿಳಕೊಂಡಿದ್ದ ಅಂತಾರ. ಯಾರರ ಅವಗ ಹೇಳಬೇಕಿತ್ತಂತ. ತಮಗ ಬಾಯಿ ಬರಲಿಲ್ಲಂತ.”

ಆಮೇಲೆ ನಾನು ಏನು ಗಿಡ ಹಚ್ಚಿದವನೆಂದು ಕೇಳಿದರು. ಸುಮಿತ್ರಾಳಿಗೆ ಹೆಮ್ಮೆ. ಇವರ ದೇಶದ ಮರವನ್ನೇ ಹಚ್ಚಿದ್ದಾರೆ, ಬೋಳು ಗುಡ್ಡಗಳನ್ನೆಲ್ಲ ಹಸಿರು ಮಾಡಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳಿರಬೇಕು. ಅವಳ ಮುಖದಲ್ಲೇ ಕಂಡಿತು. ಕೆನ್ ನನ್ನನ್ನು ನೋಡಿದರು. ಒಂದೇ ಪ್ರಶ್ನೆ ಕೇಳಿದರು.

“ಹಚ್ಚೂಕಿಂತ ಮೊದಲ ಅಲ್ಲೇನಿತ್ತು ಅಂತ ಕೇಳಾಕತ್ತಾರಪ್ಪಾ.”

ಉತ್ತರ ಕೊಡುವ ಮೊದಲೇ ಅದು ಕಾಣಿಸಿತು. ಕೆನ್ ಜಾಲಿ ಕಿತ್ತು ಹುಲ್ಲು ತಿರುಗಿ ಬರಿಸಿಕೊಂಡಿದ್ದ ಒಂದು ಪಟ್ಟಿಯಿತ್ತು. ಆ ಹುಲ್ಲಿನಲ್ಲಿ, ಸೊಂಟದೆತ್ತರದ ಒಂದು ಹಕ್ಕಿ, ಕುತ್ತಿಗೆ ನೆಟ್ಟಗೆ, ತಲೆಯ ಮೇಲೆ ಕಪ್ಪು ಟೊಪ್ಪಿಗೆ, ಒಂದೊಂದೇ ಹೆಜ್ಜೆ ಎಣಿಸಿದಂತೆ ಇಡುತ್ತ ಹೋಗುತ್ತಿತ್ತು. ಇಲ್ಲಿಯವರು ಅದನ್ನು ಟರ್ಕಿ ಎನ್ನುತ್ತಾರಂತೆ. ನನಗೆ ಹೆಸರು ಬೇಕಿರಲಿಲ್ಲ. ಪುಸ್ತಕದವರು ಹೆಬ್ಬಕ ಎನ್ನುವ, ನಮ್ಮ ಕುರಿಯವರು ಎರ್ಲಡ್ಡು ಎನ್ನುವ ಹಕ್ಕಿಯ ಒಡಹುಟ್ಟು. ಅದನ್ನು ನಾನು ನಲವತ್ತು ವರ್ಷದ ಹಿಂದೆ ಕಡೆಯ ಸಲ ನೋಡಿದ್ದು. ಗಾಡಿಯ ಚಕ್ರಕ್ಕೆ ಬೆನ್ನು ಕೊಟ್ಟು ಕೂತೆ. ಅಲ್ಲಿಯೇ, ಆ ಪರದೇಶದ ಎರೆನೆಲದಲ್ಲಿ ಕೂತು, ಯಾರಿಗೂ ಹೇಳದ್ದನ್ನು ಮಗಳಿಗೆ ಹೇಳಿದೆ.

ಆಗ ನನಗೆ ಮೂವತ್ತೊಂದು. ಬೀರಪ್ಪನ ದಿನ್ನೆಯ ಪಕ್ಕದ ಬಯಲಿಗೆ ನೀಲಗಿರಿ ಹಾಕುವ ಕೆಲಸ. ಹಗ್ಗ ಎಳೆದಿದ್ದೆ. ಒಂದು ಗಂಟು ಬಿದ್ದ ಜಾಗದಲ್ಲಿ, ಬರಿ ನೆಲದ ಮೇಲೆ, ಒಂದು ತತ್ತಿ ಇತ್ತು. ಆ ಬಯಲಲ್ಲಿ ಕುರಿ ಮೇಯಿಸುತ್ತಿದ್ದ, ಈಗ ದಿನ್ನೆಗೇ ಹೆಸರಾಗಿರುವ ಬೀರಪ್ಪನೇ ಓಡಿ ಬಂದು ತೋರಿಸಿದ. ವಯಸ್ಸಿನಲ್ಲಿ ನನ್ನ ಅಪ್ಪನಂಥವನು, ನನಗೆ ಕೈ ಮುಗಿದ.

“ಮೇಸ್ತ್ರಿ, ಹಗ್ಗಾ ಇಲ್ಲೊಂದೀಟು ಬಾಗಸ್ರಿ. ಈ ಹಕ್ಕಿ ವರ್ಷಕ್ಕ ಒಂದ ತತ್ತಿ ಇಡತೈತಿ. ಒಂದ ಗುಂಡಿ ಬಿಟ್ರ ಸಾಕು.”

ಆತು ಎಂದೆ. ಮರುದಿನ ಸಾಹೇಬರು ಕೆಲಸ ನೋಡಲು ಬರುವವರಿದ್ದರು. ಅವರು ಜೀಪಿನಿಂದ ಇಳಿದು ಒಂದು ಕಣ್ಣು ಮುಚ್ಚಿ ಸಾಲು ನೋಡುವುದು, ನೆಟ್ಟಗಿದ್ದರೆ ಮೇಸ್ತ್ರಿಗೆ ಶಾಬಾಸಕಿ. ಆ ಹೊತ್ತಿನಲ್ಲಿ ನಮಗೆ ಸಾಲೇ ದೇವರು. ನರ್ಸರಿಯಲ್ಲಿ ಲೆಕ್ಕವಿಲ್ಲದಷ್ಟು ಸಸಿ ಎತ್ತಿ ಪಕ್ಕಕ್ಕೆ ಇಟ್ಟವನು ನಾನು. ಎತ್ತಿಟ್ಟರೆ ಸಸಿ ಎರಡು ದಿನ ಬಾಡಿ ಮತ್ತೆ ತಲೆ ಎತ್ತುತ್ತದೆ. ತತ್ತಿಯೂ ಹಾಗೆ ಎಂದುಕೊಂಡೆ. ಬೆಳಿಗ್ಗೆ ಬೀರಪ್ಪ ಬರುವ ಮೊದಲೇ ಎರಡೂ ಕೈಯಿಂದ ಎತ್ತಿದೆ. ಬೆಚ್ಚಗಿತ್ತು. ಎರಡು ಗಂಟಿನ ಸರಿ ನಡುವೆ, ಒಂದೂವರೆ ಹೆಜ್ಜೆ ಪಕ್ಕಕ್ಕೆ ಇಟ್ಟೆ. ಯಾವ ಗುಂಡಿಗೂ ಅಡ್ಡ ಬರದಂತೆ. ಮೊದಲಿನ ಜಾಗದಲ್ಲಿ ಗುಂಡಿ ತೋಡಿಸಿದೆ.

ಸಂಜೆ ಹಕ್ಕಿ ಬಂತು. ಗುಂಡಿಯ ಅಂಚಿನಲ್ಲಿ ನಿಂತು ಒಳಗೆ ನೋಡಿತು. ಒಂದೂವರೆ ಹೆಜ್ಜೆ ಆಚೆ ತತ್ತಿ ಇತ್ತು. ಅದರ ಕಡೆ ತಿರುಗಲೂ ಇಲ್ಲ. ಕುತ್ತಿಗೆ ಬಗ್ಗಿಸಿ ಗುಂಡಿಯ ಒಳಗೇ ನೋಡುತ್ತಿತ್ತು. ಕತ್ತಲಾಗುವ ತನಕ ಸುತ್ತಿ ಸುತ್ತಿ ಹೋಯಿತು. ಮರುದಿನ ಮುಟ್ಟಿ ನೋಡಿದೆ, ತತ್ತಿ ತಣ್ಣಗಿತ್ತು. ಮೂರನೇ ದಿನ ತತ್ತಿ ಇರಲಿಲ್ಲ. ಬೀರಪ್ಪ ಕೇಳಿದಾಗ, ನರಿ ಒಯ್ತು ಎಂದೆ. ಅವನು ನನ್ನನ್ನು ನೋಡಿ, ಹೌದಾ ಎಂದು ಕುರಿ ಹೊಡೆದುಕೊಂಡು ಹೋದ. ಸಾಹೇಬರು ಸಾಲು ನೋಡಿ ಬೆನ್ನು ತಟ್ಟಿದರು.

ಸುಮಿತ್ರಾ ತಲೆಯ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಂಡುತ್ತ ಕೂತಿದ್ದಳು. ಹಕ್ಕಿ ಹೋದ ಕಡೆ ನೋಡಿ ಅಂದಳು:

“ಸಾಲ್ಯಾಗ ನನಗ ಭಾಷಣಾ ಬರದು ಕೊಟ್ಟಿದ್ರಲ್ಲಪ್ಪಾ, ‘ನಮ್ಮಪ್ಪ ಬೆಳೆಸಿದ ಕಾಡು’ ಅಂತ. ಬಾಯಿಪಾಠಾ ಮಾಡಿ ಬಹುಮಾನಾ ತಗೊಂಡೆ. ಅದರಾಗ ಈ ಹಕ್ಕಿ ಇರಲಿಲ್ಲ.”

ಕೆನ್ ಅವರಿಗೆ ಹೇಳಲೇ ಎಂದು ಕೇಳಿದಳು, ಹೇಳು ಎಂದೆ. ಅವರು ಕೇಳಿಸಿಕೊಂಡು ಹುಲ್ಲಿನ ಕಡೆ ನೋಡುತ್ತ ನಿಂತರು. ಸಮಾಧಾನ ಹೇಳಲಿಲ್ಲ. ಅದಕ್ಕೆ ನಾನು ಋಣಿ. ಗಾಡಿ ಹತ್ತುವಾಗ ಅಂದದ್ದು ಇಷ್ಟೇ: ಹಚ್ಚಿದ್ದನ್ನು ಕೀಳುವುದಕ್ಕೆ ಒಂದು ಜನ್ಮ ಸಾಲುವುದಿಲ್ಲ, ನೋಡಿದ್ದೀಯಲ್ಲ. ಹಚ್ಚದೆ ಇರುವುದು ಒಂದೇ ಬೆಳಿಗ್ಗೆಯ ಕೆಲಸ.

ನನಗೆ ಬೀರಪ್ಪನ ದಿನ್ನೆ ಕಣ್ಣ ಮುಂದೆ ಬಂತು. ಗೂಟಕ್ಕಿದ್ದ ಹಗ್ಗವೂ.

ರಾಣೆಬೆನ್ನೂರು

ಬೆಂಗಳೂರಿನಲ್ಲಿ ಇಳಿದಾಗ ನನ್ನ ಚಪ್ಪಲಿಯನ್ನು ಯಾರೂ ನೋಡಲಿಲ್ಲ. ಅಟ್ಟೆಯ ಸಂದಿಯಲ್ಲಿ ಕೆನ್ ಅವರ ಹೊಲದ ಕರಿಮಣ್ಣಿತ್ತು. ಮನೆಗೆ ಬಂದು ಬಚ್ಚಲಲ್ಲಿ ಕೂತು, ಶಾಂತವ್ವನ ಪಿನ್ನಿನಿಂದ ಅದನ್ನು ಕೆದರಿ ತೆಗೆದು ಒಲೆಗೆ ಹಾಕಿದೆ. ನಲವತ್ತು ವರ್ಷದ ಹಿಂದೆ ಈ ಬುದ್ಧಿ ಇದ್ದಿದ್ದರೆ.

ಅಂಗಡಿ ಮಾಸ್ತರರ ಮನೆಗೆ ಹೋದೆ. ಆಮಂತ್ರಣ ಪತ್ರಿಕೆ ಆಗಲೇ ಹಂಚಿದ್ದರು, ನನ್ನ ಹೆಸರು ದಪ್ಪ ಅಕ್ಷರದಲ್ಲಿ. ನಾನು ಹಗ್ಗ ತರಲು ತಡವಾಗಬಹುದೆಂದು ಯಂತ್ರದಿಂದ ಗುಂಡಿಯನ್ನೂ ತೋಡಿಸಿದ್ದರು, ಮೊದಲ ಸಾಲು ಒಂದನ್ನು ನನಗೆ ಬಿಟ್ಟು. ದಿನ್ನೆಗೆ ಗಿಡ ಬೇಡ, ಅಕೇಶಿಯಾವೂ ನೀಲಗಿರಿಯ ಊರಿನದೇ, ಅದು ಹುಲ್ಲಿನ ನೆಲ, ಚಿಗರಿಯ ಹಿಂಡು ಮೇಯುವುದು ಅಲ್ಲೇ ಎಂದೆಲ್ಲ ಹೇಳಿದೆ. ಮಾಸ್ತರರು ಕೆಟ್ಟವರಲ್ಲ. ಅದೇ ಕಷ್ಟ. ಕೆಟ್ಟವರ ಜೊತೆ ಜಗಳ ಸುಲಭ.

“ಬಂಜರ ಬಿದ್ದೈತ್ರಿ ಅದು.”

“ಬಂಜರಲ್ರಿ, ಹುಲ್ಲು.”

“ಹುಲ್ಲು ನೋಡಿ ಯಾರ ಬಾಳೇ ಮಾಡ್ತಾರ್ರಿ? ಗಿಡಾ ಹಚ್ಚೂದು ಪಾಪ ಅಂತ ನೀವ ಹೇಳಾಕತ್ರ ಮಂದಿ ನಗ್ತಾರ, ಮೇಸ್ತ್ರಿ. ಮೂರು ತಿಂಗಳ ಪರದೇಶಾ ಕಂಡು ತಲಿ ತಿರಗಿ ಬಂತೇನು?”

ಬಂಜರು. ಈ ಮಾತಿನ ಮೇಲೆ ನನಗಿರುವ ಸಿಟ್ಟನ್ನು ಬರೆಯಲು ನನ್ನ ಶಾಲೆಯ ಕನ್ನಡ ಸಾಲದು. ಮರ ಇಲ್ಲದ್ದೆಲ್ಲ ಬಂಜರು. ಕುರಿ ಮೇಯ್ದರೆ ಬಂಜರು, ಹಕ್ಕಿ ತತ್ತಿ ಇಟ್ಟರೆ ಬಂಜರು. ಈ ಮಾತನ್ನು ನಾನೇ ಎಷ್ಟು ವರದಿಗಳಲ್ಲಿ ಬರೆದಿದ್ದೇನೆ! ಈಗ ಅದು ನನ್ನ ಎದುರು ಕುರ್ಚಿಯಲ್ಲಿ ಕೂತು, ಚಹಾ ಕೊಟ್ಟು, ನನಗೇ ಶಾಲು ಹೊದಿಸಲು ನಿಂತಿತ್ತು.

ಅಲ್ಲಿಂದ ಗುತ್ತಲದ ಬಸ್ಸು ಹಿಡಿದು ದಿನ್ನೆಯ ಹತ್ತಿರ ಇಳಿದೆ. ಬೀರಪ್ಪ ತೀರಿಹೋಗಿದ್ದಾನೆಂದು ಗೊತ್ತಿತ್ತು. ಅವನ ಸೊಸೆ ಮಾಳವ್ವ, ಈಗ ನನ್ನಷ್ಟೇ ಮುದುಕಿ, ದಿನ್ನೆಯ ಕೆಳಗೆ ಕುರಿ ಬಿಟ್ಟುಕೊಂಡು ಒಂದು ಮರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದಳು. ಸುತ್ತು ಬಳಸಿದರೆ ಬಾಯಿ ಬರುವುದಿಲ್ಲವೆಂದು ನಿಂತಲ್ಲೇ ಹೇಳಿದೆ: “ಮಾಳವ್ವ, ಆವತ್ತಿನ ತತ್ತಿ ನರಿ ಒಯ್ದಿದ್ದಲ್ಲ.”

ಅವಳು ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ.

“ಗೊತ್ರಿ. ಮಾವಾರಿಗೂ ಗೊತ್ತಿತ್ತು. ನರಿ ಹಗ್ಗಾ ಹಿಡದು ಗುಂಡಿ ತೋಡತೈತೇನು ಅಂತಿದ್ರು.”

ಮತ್ತೆ ಯಾಕೆ ಯಾರ ಮುಂದೆಯೂ ಹೇಳಲಿಲ್ಲ ಎಂದೆ.

“ನೀವ ಬಂದು ಹೇಳ್ತೀರಿ ಅಂತ ಇದ್ರು. ಮೇಸ್ತ್ರಿ ಕೆಟ್ಟಾಂವಲ್ಲ, ಒಂದಿನಾ ಬರ್ತಾನ ಅಂತಿದ್ರು. ಎಂಟು ವರ್ಷಾತು ಹೋಗಿ.” ಮುಳ್ಳು ಬಂತು. ಅದನ್ನು ನೋಡಿ ದೂರ ಎಸೆದಳು. “ಈಗ ಮತ್ತ ಹಗ್ಗಾ ತರ್ತೀರಂತಲ್ಲ. ಊರಾಗ ಡಂಗುರಾ ಆಗೇತಿ.”

ಕಪಾಳಕ್ಕೆ ಹೊಡೆದಿದ್ದರೆ ಇಷ್ಟು ಹತ್ತುತ್ತಿರಲಿಲ್ಲ.

ಬೀರಪ್ಪನ ದಿನ್ನೆ

ಕಾರ್ಯಕ್ರಮದ ದಿನ ಮೊದಲ ಬಸ್ಸಿಗೆ ಹೋದೆ. ಹೆಗಲ ಮೇಲೆ ಹಗ್ಗ, ಕೈಯಲ್ಲಿ ಸಲಿಕೆ. ಹುಲ್ಲಿನ ತುಂಬ ಗುಂಡಿ, ಯಂತ್ರ ತೋಡಿದ್ದು, ನಮ್ಮ ಕೈಗುಂಡಿಗಿಂತ ನೆಟ್ಟನೆಯ ಸಾಲು. ಒಂದು ಕಣ್ಣು ಮುಚ್ಚಿ ನೋಡಿದೆ, ಹಳೆಯ ಚಟ. ಆಮೇಲೆ ಪಕ್ಕದಲ್ಲಿ ಗುಡ್ಡೆ ಹಾಕಿದ್ದ ಮಣ್ಣನ್ನು ಮೊದಲ ಗುಂಡಿಗೆ ಎಳೆದೆ. ಜೀವನದಲ್ಲಿ ಗುಂಡಿ ತೋಡಿಸಿದ್ದೇ ಬಂತು, ಮುಚ್ಚಿದ್ದು ಅದೇ ಮೊದಲು. ಏಳೆಂಟು ಮುಚ್ಚುವಷ್ಟರಲ್ಲಿ ಸೊಂಟ ಹಿಡಿಯಿತು. ಕುರಿಯ ಸಪ್ಪಳ ಕೇಳಿ ತಿರುಗಿದೆ. ಮಾಳವ್ವ ಸ್ವಲ್ಪ ಹೊತ್ತು ನೋಡಿದಳು. ಕುರಿ ಬಿಟ್ಟು, ಸೀರೆಯ ನೆರಿಗೆ ಮೇಲೆ ಸಿಕ್ಕಿಸಿಕೊಂಡು, ಆಚೆಯ ಸಾಲಿನಲ್ಲಿ ಕಾಲಿನಿಂದಲೇ ಮಣ್ಣು ನೂಕತೊಡಗಿದಳು.

ಟ್ರ್ಯಾಕ್ಟರಿನಲ್ಲಿ ಸಸಿ ತುಂಬಿಕೊಂಡು, ಮೈಕು, ಶಾಮಿಯಾನದ ಗಳ ಹೊತ್ತು ಮಾಸ್ತರರು ಬಂದಾಗ ನಾಲ್ಕು ಸಾಲು ಮುಗಿದಿತ್ತು. ಮೇಸ್ತ್ರಿ, ಇದೇನು ಮಾಡಿದಿರಿ ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ನಾಚಿಕೆ ಹೆಚ್ಚಿತ್ತು, ಕರೆದ ಅತಿಥಿಗಳ ಮುಂದೆ. ನಾನು ಸಲಿಕೆ ಊರಿ ನಿಂತು, ಮೈಕು ಹಿಡಿಯದೆ, ತತ್ತಿಯ ಕತೆಯನ್ನು ಅಷ್ಟೂ ಹೇಳಿದೆ, ಬೀರಪ್ಪನ ಹೆಸರು ಹಿಡಿದು, ನನ್ನ ಸುಳ್ಳನ್ನೂ ಸೇರಿಸಿ. ಯಾರೋ ಹಿಂದಿನಿಂದ, ಒಂದು ತತ್ತಿಯ ಸಲುವಾಗಿ ಇಷ್ಟು ನಾಟಕವೇ ಎಂದು ನಕ್ಕರು. ಒಂದೇ ತತ್ತಿ ಇಡುತ್ತಿತ್ತು ಎಂದೆ. ನಗೆ ನಿಂತಿತು. ಟ್ರ್ಯಾಕ್ಟರು ಬಿಸಿಲೇರುವ ತನಕ ಅಲ್ಲೇ ನಿಂತಿದ್ದು, ಸಸಿ ಬಾಡುತ್ತವೆಂದು ತಿರುಗಿ ಹೋಯಿತು.

ಗೆದ್ದೆ ಎಂದು ಬರೆಯಲಾರೆ. ಮಾಸ್ತರರು ಮಾತು ಬಿಟ್ಟಿದ್ದಾರೆ. ಬೇರೆ ಅತಿಥಿಯನ್ನು ಹುಡುಕುತ್ತಿದ್ದಾರೆಂದು ಸುದ್ದಿ. ಉಳಿದ ಗುಂಡಿಗಳು ಬಾಯಿ ತೆರೆದುಕೊಂಡೇ ಇವೆ, ನಾನು ದಿನ ಬಿಟ್ಟು ದಿನ ಬಸ್ಸು ಹಿಡಿದು ಹೋಗಿ ಆದಷ್ಟು ಮುಚ್ಚುತ್ತೇನೆ. ಸುತ್ತಲಿನ ನೀಲಗಿರಿ ತೋಪು ಹಾಗೇ ನಿಂತಿದೆ, ನನ್ನದೇ ಸಾಲು, ಇನ್ನೂ ನೆಟ್ಟಗೆ. ಎರ್ಲಡ್ಡು ಬರುವುದಿಲ್ಲ. ಅದು ನನಗೆ ಗೊತ್ತಿದೆ, ಓದುವವರು ಸಮಾಧಾನದ ಮಾತು ಹೇಳಬಾರದು.

ಹಗ್ಗವನ್ನು ಏನು ಮಾಡಿದಿರಿ ಎಂದು ಸುಮಿತ್ರಾ ಫೋನಿನಲ್ಲಿ ಕೇಳಿದಳು. ಕುರಿಹಟ್ಟಿಯ ತಡಿಕೆ ಕಟ್ಟಲು ಬೇಕೆಂದು ಮಾಳವ್ವ ಕೇಳಿದಳು, ಕೊಟ್ಟೆ. ಕೊಡುವ ಮೊದಲು ದಿನ್ನೆಯ ಮೇಲೆ ಕೂತು ಗಂಟು ಬಿಚ್ಚಲು ನೋಡಿದೆ. ಉಗುರು ಸೀಳಿತು, ನಲವತ್ತು ವರ್ಷದ ಗಂಟು ಒಂದೂ ಸಡಿಲಲಿಲ್ಲ. ಗಂಟಿದ್ದರೆ ತಡಿಕೆ ನೆಟ್ಟಗೆ ನಿಲ್ಲುವುದಿಲ್ಲ ಎಂದೆ. ಮಾಳವ್ವ ನನ್ನ ಕೈಯಿಂದ ಹಗ್ಗ ತೆಗೆದುಕೊಂಡಳು.

“ಇರಲಿ ಬಿಡ್ರಿ. ಸೊಟ್ಟ ನಿಂತರೂ ನಡೀತೈತಿ. ಕುರಿ ಸಾಲು ನೋಡಂಗಿಲ್ಲ.”